ಇದು ತಾಳ, ಇದು ನಿಮ್ಮ ಕೈ

ಮುನಿರತ್ನಪ್ಪನವರ ಕೈ ತಾಳಕ್ಕಿಂತ ಹಿಂದೆ ಬೀಳುತ್ತಿದೆ ಎಂದು ಹೇಳಿದವನು ನಾನು. ಅವರ ಕೈ ಹಿಂದೆ ಬಿದ್ದಿರಲಿಲ್ಲ. ಹಿಂದೆ ಬಿದ್ದದ್ದು ನಾನು ಜೋಡಿಸಿದ ಯಂತ್ರ. ಇಷ್ಟರ ಮಟ್ಟಿಗೆ ನನಗೆ ಅನುಮಾನವಿಲ್ಲ. ಅನುಮಾನವಿರುವುದು ಬೇರೆ ಕಡೆ — ಆ ಮಾತಾಡಿ ಅವರನ್ನು ಕಳಿಸಿದ ದಿನಗಳಲ್ಲೇ ನನಗೆ ನಿಜ ಗೊತ್ತಿತ್ತೇ, ಇಲ್ಲ ಬಹಳ ಕಾಲ ಕಳೆದ ಮೇಲೆ ಗೊತ್ತಾಯಿತೇ? ಆಮೇಲೆ ಗೊತ್ತಾಯಿತು ಎಂದಾದರೆ ನಾನು ಕೆಲಸದಲ್ಲಿ ಎಡವಿದ ಒಬ್ಬ ಮನುಷ್ಯ, ಅಷ್ಟೆ. ಆಗಲೇ ಗೊತ್ತಿತ್ತು ಎಂದಾದರೆ —

ಇಷ್ಟು ವರ್ಷ ನಾನು ಆಮೇಲೆ ಗೊತ್ತಾಯಿತು ಎಂಬುದನ್ನೇ ನನಗೆ ಹೇಳಿಕೊಂಡು ಬಂದೆ. ಹೇಳಿ ಹೇಳಿ ಅದಕ್ಕೊಂದು ಹೊಳಪು ಬಂದಿದೆ, ಅಂಚುಗಳೆಲ್ಲ ನುಣುಪಾಗಿವೆ. ನಿಜವಾಗಿ ನಡೆದ ಯಾವ ಸಂಗತಿಯೂ ಅಷ್ಟು ನುಣುಪಾಗಿರುವುದಿಲ್ಲ. ಬೇರೆಯವರ ನೆನಪಿನ ಕತೆಗಳಿಗೆಲ್ಲ 'ಆಧಾರ ಏನು?' ಎಂದು ಕೇಳುತ್ತ ಬಂದವನು ನಾನು. ದೆವ್ವ ಕಂಡವರನ್ನು, ಜಾತಕ ಫಲಿಸಿತು ಎಂದವರನ್ನು ಕೂರಿಸಿಕೊಂಡು ಪಾಟೀಸವಾಲು ಮಾಡಿದವನು. ನನ್ನ ಕತೆಗೆ ಮಾತ್ರ ಆಧಾರ ಕೇಳಲಿಲ್ಲ.

ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್‌ನಲ್ಲಿ ಎಂ.ಎಸ್ಸಿ. ಮಾಡಿ, ಸಂಶೋಧನೆಗೆ ಸೇರಿ, ಮಾರ್ಗದರ್ಶಕರ ಜೊತೆ ಜಗಳವಾಡಿ ಬಿಟ್ಟು, ಹೊಸೂರಿಗೆ ಬಂದು ಅವಲಪಲ್ಲಿಯಲ್ಲಿ ಮನೆ ಹಿಡಿದಿದ್ದೆ. ಸ್ವಲ್ಪ ಕಾಲ ಕಾಲೇಜಿನಲ್ಲಿ ಪಾಠ ಹೇಳಿದೆ. ಅದೂ ಬೇಸರವಾಯಿತು. ಎರಡು ಸಾವಿರದ ದಶಕದ ನಡುವಿನ ವರ್ಷಗಳು — ಕ್ಯಾಸೆಟ್ ಸಾಯುತ್ತಿತ್ತು, ಸಿ.ಡಿ. ಅಂಗಡಿಗಳಿಗೆ ಬಂದಿತ್ತು. ಹೊಸೂರು, ಕೃಷ್ಣಗಿರಿಯ ಕಡೆ ಭಜನೆ, ಭಕ್ತಿಗೀತೆ ರೆಕಾರ್ಡ್ ಮಾಡುತ್ತಿದ್ದ ಸಣ್ಣ ಸ್ಟುಡಿಯೋಗಳು ಟೇಪಿನ ಯಂತ್ರ ಮೂಲೆಗಿಟ್ಟು ಕಂಪ್ಯೂಟರಿನಲ್ಲಿ ಕೂರುವ ಮಲ್ಟಿಟ್ರ್ಯಾಕ್ ರೆಕಾರ್ಡರಿಗೆ ಬದಲಾಗುತ್ತಿದ್ದವು. ಅದನ್ನು ಜೋಡಿಸಿಕೊಡಲು ತಿಳಿದವರು ಆ ಸೀಮೆಯಲ್ಲಿ ಹೆಚ್ಚು ಇರಲಿಲ್ಲ. ನಾನೂ ಪುಸ್ತಕ ಓದಿ, ಕೆಡಿಸಿ, ಸರಿಮಾಡಿ ಕಲಿತವನೇ. ಆದರೆ ಹಾಗೆಂದು ಯಾರಿಗೂ ಹೇಳುತ್ತಿರಲಿಲ್ಲ.

ನಾನು ಮೊದಲು ಪೂರ್ತಿಯಾಗಿ ಜೋಡಿಸಿದ್ದು ಗೋವಿಂದರಾಜು ಅವರ ಸ್ಟುಡಿಯೋವನ್ನು. ಬಾಗಲೂರು ರಸ್ತೆಯಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ ಮನುಷ್ಯ; ಅಂಗಡಿಯ ಮೇಲಿನ ಎರಡು ಕೋಣೆಗೆ ಹಳೆಯ ಹಾಸಿಗೆಗಳನ್ನು ಬಡಿದು ಸ್ಟುಡಿಯೋ ಮಾಡಿದ್ದರು. ಒಂದೇ ವಾಕ್ಯದಲ್ಲಿ ಕನ್ನಡ, ತಮಿಳು, ತೆಲುಗು ಮೂರನ್ನೂ ಆಡುತ್ತಿದ್ದರು. ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ — 'ಎಮ್ಮೆಸ್ಸಿ' ಎನ್ನುತ್ತಿದ್ದರು. ಮರ್ಯಾದೆಯೋ ಗೇಲಿಯೋ ಕೊನೆಯವರೆಗೂ ತಿಳಿಯಲಿಲ್ಲ.

"ಎಮ್ಮೆಸ್ಸಿ, ಇದೊಂದು ನಿಂತ್ಕಂಡ್ರೆ ಸಾಕು. ಫ್ಯಾಕ್ಟ್ರಿಯೋರ ಟ್ರೈನಿಂಗ್ ಪಿಚ್ಚರ್‌ಗೆಲ್ಲಾ ಮೂರು ಭಾಷೆಯಾಗೂ ವಾಯ್ಸು ಇಲ್ಲೇ ಆಕ್ಬೋದು. ಮದ್ರಾಸೂ ಬ್ಯಾಡ, ಬೆಂಗ್ಳೂರೂ ಬ್ಯಾಡ," ಎನ್ನುತ್ತಿದ್ದರು. ಮರುಕ್ಷಣವೇ ಮತ್ತೆ, "ಆದ್ರೂ ಟೇಪು ಟೇಪೇ ಬಿಡು," ಎಂದು ಮೂಲೆಯ ಹಳೆಯ ಯಂತ್ರದ ಧೂಳು ಒರೆಸುತ್ತಿದ್ದರು.

ಹಳೆಯ ಪದ್ಧತಿಯಲ್ಲಿ ಹಾಡುವವರು, ಹಾರ್ಮೋನಿಯಂ, ಡೋಲಕ್, ತಾಳ ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಒಟ್ಟಿಗೆ ನುಡಿಸಬೇಕಿತ್ತು. ಒಬ್ಬ ತಪ್ಪಿದರೆ ಎಲ್ಲರೂ ಮತ್ತೆ ಮೊದಲಿಂದ. ಹೊಸದರಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಟ್ರ್ಯಾಕ್. ಒಬ್ಬರೇ ಬಂದು, ಹೆಡ್‌ಫೋನ್ ಹಾಕಿಕೊಂಡು, ಮೊದಲೇ ಒಳಗಿರುವ ಹಾಡನ್ನು ಕೇಳುತ್ತ ತಮ್ಮ ಪಾಲನ್ನು ಬಾರಿಸಿ ಹೋಗಬಹುದು. ಇದರಲ್ಲಿ ಒಂದು ತೊಡಕಿದೆ. ಮೈಕಿನಿಂದ ಬರುವ ಸದ್ದನ್ನು ಕಂಪ್ಯೂಟರ್ ಬಂದ ಹಾಗೇ ಬರೆದುಕೊಳ್ಳುವುದಿಲ್ಲ. ಒಂದು ಬೊಗಸೆ ತುಂಬುವವರೆಗೆ ಹಿಡಿದಿಟ್ಟುಕೊಂಡು ಆಮೇಲೆ ಡಿಸ್ಕಿಗೆ ಸುರಿಯುತ್ತದೆ. ಬೊಗಸೆ ದೊಡ್ಡದಾದಷ್ಟೂ ತಡ. ಆ ತಡವನ್ನು ಅಳೆದು, ಅಷ್ಟನ್ನು ಕಳೆದು ಬರೆದುಕೋ ಎಂದು ಯಂತ್ರಕ್ಕೆ ಹೇಳಿಕೊಡಬೇಕು. ಹೇಳಿಕೊಡುವುದು ಜೋಡಿಸಿದವನ ಕೆಲಸ. ಹೊರಗೆ ಹೋಗುವ ತಂತಿಯನ್ನು ಒಳಗೆ ಬರುವ ತೂತಿಗೇ ಸಿಕ್ಕಿಸಿ, ಒಂದು ಟಿಕ್ ಸದ್ದು ಕಳಿಸಿ, ಅದು ಎಷ್ಟು ಹಿಂದೆ ಬಂದು ಬಿತ್ತೆಂದು ನೋಡಿದರೆ ಆಯಿತು. ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ಬೇಡ.

ಇದನ್ನು ನಾನು ಮಾಡಿದ್ದೆ. ಮಾಡಿದ್ದೆ ಎಂಬುದು ಚೆನ್ನಾಗಿ ನೆನಪಿದೆ.

ಮೊದಲ ಕೆಲಸವಾಗಿ ಬಂದದ್ದು ಮತ್ತಿಗಿರಿಯ ಶಾರದಾ ಟೀಚರ್ ಅವರ ಶಿವನ ಹಾಡುಗಳು. ಶಿವರಾತ್ರಿಗೆ ಸಿ.ಡಿ. ಮಾಡಿ ಹಂಚಬೇಕೆಂಬ ಆಸೆ ಅವರದು. ಅವರ ಭಜನೆ ಮಂಡಳಿಗೆ ಡೋಲಕ್ ಬಾರಿಸುತ್ತಿದ್ದವರೇ ಮುನಿರತ್ನಪ್ಪ. ಊರು ರಾಯಕೋಟೆಯ ಹತ್ತಿರದ ಒಂದು ಹಳ್ಳಿ, ಮನೆ ಮತ್ತಿಗಿರಿ, ಕೆಲಸ ಒಂದು ಕಾರ್ಖಾನೆಯ ಪವರ್ ಪ್ರೆಸ್‌ನಲ್ಲಿ. ತಗಡನ್ನು ಒಳಗಿಟ್ಟು, ಕೈ ಹೊರಗೆಳೆದು, ಕಾಲಲ್ಲಿ ಒತ್ತಿ, ಅಚ್ಚು ಬಿದ್ದ ಮೇಲೆ ತೆಗೆದು, ಮತ್ತೆ ಇಡುವ ಕೆಲಸ. ಆ ಕೆಲಸದಲ್ಲಿ ಹಳಬರಾದವರಲ್ಲಿ ಬೆರಳು ಪೂರ್ತಿ ಉಳಿದವರು ಕಡಮೆ. ಪರಿಚಯವಾದ ಮೊದಲ ದಿನವೇ ಅವರು ಎರಡೂ ಕೈಗಳನ್ನು ನನ್ನ ಮುಖದ ಮುಂದೆ ಹರಡಿದರು.

"ಹತ್ತೂ ಐತೆ ನೋಡಿ ಸಾ. ಪ್ರೆಸ್ಸೂ ತಾಳಾನೇ. ತಾಳ ಬುಟ್ಟೋನು ಬೆರ್ಳು ಬುಟ್ಟ."

ರೆಕಾರ್ಡಿಂಗಿನ ದಿನ ಬೆಳಿಗ್ಗೆ ನಮ್ಮ ಮೊದಲ ಜಗಳ ಅವರ ಕಡಗದ್ದು. ಬಲಗೈಯಲ್ಲಿ ತಾಮ್ರದ ದಪ್ಪ ಕಡಗ. ಡೋಲಕ್ಕಿನ ಕಬ್ಬಿಣದ ಬಳೆಗೆ ತಾಗಿದಾಗಲೆಲ್ಲ ಕಿಣಿ ಎನ್ನುತ್ತಿತ್ತು. ಮೈಕು ಅದನ್ನು ಎತ್ತಿ ಹಿಡಿಯುತ್ತಿತ್ತು. ತೆಗೆಯಿರಿ ಎಂದೆ.

"ತೆಗ್ಯಾಕಿಲ್ಲ ಸಾ."

"ಯಾಕೆ? ಹರಕೆಯೇ? ಏನಿದೆ ಅದರಲ್ಲಿ?"

"ಏನೂ ಇಲ್ಲ ಸಾ. ತಾಮ್ರ ಐತೆ." ಗೋವಿಂದರಾಜು ಆಚೆ ಕೋಣೆಯಿಂದ ಗೊಳ್ಳೆಂದು ನಕ್ಕರು. "ನಮ್ಮಪ್ಪ ಆಕ್ಕಂಡು ಬಾರ್ಸೋನು. ನಂಗೆ ಕೊಟ್ಟ. ಬಾರ್ಸೋಗಂಟ ಇರ್ತದೆ, ಅಷ್ಟೆಯಾ."

ಕೊನೆಗೆ ಟೀಚರ ಕರ್ಚೀಫನ್ನು ಕಡಗಕ್ಕೆ ಸುತ್ತಿ ಕಟ್ಟಿಸಿದೆ. ಅವರಿಗೆ ಅದು ಅವಮಾನವಾಯಿತೆಂದು ಈಗ ಅನ್ನಿಸುತ್ತದೆ. ಆಗ ಅವರು ತಮಾಷೆಯಾಗಿ, "ಬಳೆ ತೊಟ್ಟೋಳಿಗೆ ಸೀರೆ ಉಡ್ಸುದ್ರಲ್ಲಾ ಸಾ," ಎಂದರು.

ಇನ್ನೊಂದು ಸಂಗತಿ ಅದೇ ಬೆಳಿಗ್ಗೆ ನಡೆಯಿತು. ಇದನ್ನು ಬರೆಯಲು ಕೈ ಬರುತ್ತಿಲ್ಲ. ಟೀಚರ್ ಹಾಡಲು ಶುರು ಮಾಡುವ ಮೊದಲು ಕಂಪ್ಯೂಟರ್ ಚಟಚಟ ಎನ್ನತೊಡಗಿತು, ಎಣ್ಣೆಗೆ ಸಾಸಿವೆ ಬಿದ್ದ ಹಾಗೆ. ಅದಕ್ಕೆ ಸಣ್ಣ ಬೊಗಸೆಯಲ್ಲಿ ಸುಧಾರಿಸಲು ಆಗುತ್ತಿರಲಿಲ್ಲ. ನಾನು ಬೊಗಸೆಯನ್ನು ದೊಡ್ಡದು ಮಾಡಿದೆ. ಚಟಚಟ ನಿಂತಿತು. ಎಲ್ಲರೂ ಕಾಯುತ್ತಿದ್ದರು, ಗೋವಿಂದರಾಜು ಬಾಗಿಲಲ್ಲಿ ನಿಂತು ಮೀಸೆಯಡಿ ನಗುತ್ತಿದ್ದರು — ಮತ್ತೆ ತಂತಿ ಸಿಕ್ಕಿಸಿ ಅಳೆಯಲಿಲ್ಲ. ಅಳೆದಿದ್ದೇ ಸಾಕು ಎಂದುಕೊಂಡೆನೋ, ಮರೆತೆನೋ, ಅವರ ಮುಂದೆ ಮತ್ತೆ ತಂತಿ ಹಿಡಿದು ನಿಲ್ಲಲು ನಾಚಿಕೆಯಾಯಿತೋ. ಮೂರರಲ್ಲಿ ಒಂದು. ಮೂರೂ ನನಗೆ ನೆನಪಾಗುತ್ತವೆ, ಒಂದೊಂದು ಸಲ ಒಂದೊಂದು.

ಟೀಚರ್ ಕಿವಿಯಲ್ಲಿ ಕಂಪ್ಯೂಟರ್ ಹಾಕುವ ತಾಳದ ಟಿಕ್ ಟಿಕ್ ಕೇಳುತ್ತ ಹಾಡಿದರು. ಆಮೇಲೆ ಮುನಿರತ್ನಪ್ಪ ಒಬ್ಬರೇ ಒಳಗೆ ಕೂತು, ಹೆಡ್‌ಫೋನಿನಲ್ಲಿ ಅದೇ ಟಿಕ್ ಟಿಕ್ ಜೊತೆ ಹಾಡು ಕೇಳುತ್ತ, ಎಲ್ಲ ಹಾಡುಗಳಿಗೂ ಬಾರಿಸಿದರು. ಮುಖ ಕಾಣದ ಹಾಡಿಗೆ ಬಾರಿಸಿದ್ದು ಅವರಿಗೆ ಅದೇ ಮೊದಲು. ಮೂರನೆಯ ಹಾಡಿನಲ್ಲಿ ಕರ್ಚೀಫ್ ಜಾರಿತು. ನಾನು ನಿಲ್ಲಿಸಲಿಲ್ಲ, ನಾಲ್ಕನೆಯ ಹಾಡಿಗೆ ಮೊದಲು ಮತ್ತೆ ಕಟ್ಟಿಸಿದೆ. ಗಾಜಿನಾಚೆಯಿಂದ ನೋಡುತ್ತಿದ್ದೆ. ಕಣ್ಣು ಮುಚ್ಚಿ, ಕೊರಳನ್ನು ಒಂದು ಕಡೆಗೆ ವಾಲಿಸಿ ಬಾರಿಸುತ್ತಿದ್ದರು, ಸಂತೋಷವಾಗಿದ್ದರು. ಇದು ನೆನಪೋ ಆಮೇಲೆ ನಾನು ಬರೆದುಕೊಂಡ ಚಿತ್ರವೋ ಹೇಳಲಾರೆ.

ಊಟವಾದ ಮೇಲೆ ಟಿಕ್ ಟಿಕ್ ಸಮೇತ ಎಲ್ಲವನ್ನೂ ಸೇರಿಸಿ ಕೇಳಿದೆವು. ಡೋಲಕ್ ಕುಂಟುತ್ತಿತ್ತು. ಹೆಚ್ಚಿಲ್ಲ — ಚಪ್ಪಲಿ ಸಡಿಲವಾದವನು ಜೊತೆಗೆ ನಡೆಯುವಾಗ ಹೆಜ್ಜೆಯ ಹಿಂದೆಯೇ ಇನ್ನೊಂದು ಸದ್ದು ಬರುತ್ತದಲ್ಲ, ಹಾಗೆ. ಗೋವಿಂದರಾಜು ಕಿವಿ ಒಂದು ಕಡೆ ಮಾಡಿ ಕೇಳಿದರು. ಟೀಚರ್ ಸೆರಗು ಸರಿಮಾಡಿಕೊಂಡರು.

"ಏನ್ ಮುನಿರತ್ನಾ, ಕಾಲ್ ಎಳೀತೈತಲ್ಲೋ ನಿನ್ ಡೋಲಕ್ಕು?"

"ಬಾರ್ಸ್ವಾಗ ಸರ್ಯಾಗೇ ಇತ್ತಲ್ಲಣ್ಣ."

ಗೋವಿಂದರಾಜು ನನ್ನ ಕಡೆ ತಿರುಗಿದರು. ಆ ಮಾತು ಅಕ್ಷರ ಬಿಡದೆ ನೆನಪಿದೆ. "ಯೋಳು ಎಮ್ಮೆಸ್ಸಿ. ನಿನ್ ಮಿಷಿನ್ನು ಸರಿ ಇಲ್ವೋ, ಅವನ್ ಕೈ ಸರಿ ಇಲ್ವೋ? ಎರಡರಾಗೆ ಒಂದು ಯೋಳು."

ಆ ವಾರವೇ ಕೃಷ್ಣಗಿರಿಯ ಇನ್ನೊಂದು ಸ್ಟುಡಿಯೋದವರು ನನ್ನ ಕೆಲಸ ನೋಡಲು ಬರುವವರಿದ್ದರು. ಇದು ಕಾರಣವಾಗಿತ್ತೇ? ಇರಬಹುದು. ಆದರೆ ಅದಿಲ್ಲದಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ ಎಂದು ಹೆದರುತ್ತೇನೆ. ಹಳೆಯ ಟೇಪ್ ಯಂತ್ರ ಮೂಲೆಯಲ್ಲಿ ಕೂತು ನೋಡುತ್ತಿತ್ತು. ನಾನು ಮುನಿರತ್ನಪ್ಪನವರನ್ನು ಕಂಪ್ಯೂಟರಿನ ಮುಂದೆ ಕೂರಿಸಿದೆ. ಅವರು ತಮ್ಮ ಸದ್ದನ್ನು ಕಣ್ಣಲ್ಲಿ ನೋಡಿದ್ದು ಅದೇ ಮೊದಲು. ಪರದೆಯ ಮೇಲೆ ಒಂದು ಗೆರೆಯಲ್ಲಿ ತಾಳದ ಟಿಕ್ ಟಿಕ್, ಅದರ ಕೆಳಗೆ ಅವರ ಏಟುಗಳು, ಒಂದೊಂದೂ ಸಣ್ಣ ಗುಡ್ಡದ ಹಾಗೆ. ಎರಡೂ ಒಂದರ ಕೆಳಗೊಂದು ಇರಲಿಲ್ಲ. ನಾನು ಪೆನ್ನಿನ ತುದಿಯಿಂದ ತೋರಿಸಿದೆ.

"ನೋಡಿ, ಇದು ತಾಳ. ಇದು ನಿಮ್ಮ ಕೈ."

ಅವರು ಬಗ್ಗಿ ನೋಡಿದರು. "ಎಲ್ಲಾ ಏಟೂ ಅಂಗೇ ಐತಾ ಸಾ?"

"ಎಲ್ಲವೂ."

"ಬಾರ್ಸ್ವಾಗ ನಂಗೆ ಗೊತ್ತಾಗ್ಲೇ ಇಲ್ಲ ನೋಡಿ."

"ಬಾರಿಸುವಾಗ ಎಲ್ಲರಿಗೂ ಸರಿಯಾಗಿದೆ ಎಂದೇ ಅನ್ನಿಸುತ್ತದೆ," ಎಂದೆ.

ಮನುಷ್ಯನ ಅನಿಸಿಕೆಯನ್ನು ನಂಬಬಾರದು, ಅಳತೆಯನ್ನು ನಂಬಬೇಕು — ಇದು ನಾನು ಓದಿ ಕಲಿತ ಪಾಠ. ಅದೇ ಪಾಠದ ಮುಂದಿನ ಸಾಲು, ಅಳೆಯುವ ಉಪಕರಣವನ್ನು ಮೊದಲು ಅನುಮಾನಿಸಬೇಕು ಎಂಬುದು, ಆ ಹೊತ್ತಿನಲ್ಲಿ ನನ್ನ ಬಾಯಿಗೆ ಬರಲಿಲ್ಲ.

ಆಮೇಲೆ ಮತ್ತೆ ಬಾರಿಸಿದರು. ತಡವಾಗಿದೆ ಎಂದು ಕೇಳಿದ್ದರಲ್ಲ, ಮುಂಚೆಯೇ ಹೊಡೆಯಲು ನೋಡಿದರು. ಒಂದು ಏಟು ಮುಂದೆ ಬಿತ್ತು, ಒಂದು ಹಿಂದೆ ಬಿತ್ತು, ಒಂದು ಎಲ್ಲೂ ಇಲ್ಲ. ಕಣ್ಣು ತೆರೆದೇ ಇತ್ತು. ಗಾಜಿನಾಚೆಗೆ ನನ್ನ ಮುಖವನ್ನೇ ನೋಡುತ್ತ ಬಾರಿಸುತ್ತಿದ್ದರು. ಈ ಸಲ ನಿಜವಾಗಿಯೂ ಕೆಟ್ಟಿತು. ಮತ್ತೆ ಮಾಡಿದರೆ ಇನ್ನೂ ಕೆಟ್ಟಿತು. ಸಂಜೆಯ ಹೊತ್ತಿಗೆ ನಾನು ಹೇಳಿದ್ದು ನಿಜವಾಗಿತ್ತು — ನಾನೇ ಅದನ್ನು ನಿಜ ಮಾಡಿದ್ದೆ. ಗೋವಿಂದರಾಜು ಮುನಿರತ್ನಪ್ಪನವರ ಹೆಗಲ ಮೇಲೆ ಕೈಯಿಟ್ಟು, "ಪರವಾಯಿಲ್ಲ ಬಿಡಲಾ, ವಯಸ್ಸಾಯ್ತದೆ. ಮನೀಗೋಗಿ ಮಲಿಕೋ," ಎಂದರು. ಅವರಿಗೆ ಇನ್ನೂ ಐವತ್ತಾಗಿರಲಿಲ್ಲ. ಡೋಲಕ್ಕಿಗೆ ಬಟ್ಟೆ ಸುತ್ತಿಕೊಂಡು, ಕರ್ಚೀಫನ್ನು ಬಿಚ್ಚಿ ಮಡಿಸಿ ಟೀಚರ ಕೈಗೆ ಕೊಟ್ಟು, ಮೆಟ್ಟಿಲಿಳಿದು ಹೋದರು. ಮೆಟ್ಟಿಲಿಳಿಯುವಾಗ ತಮ್ಮ ಬಲಗೈಯನ್ನು ನೋಡಿಕೊಳ್ಳುತ್ತಿದ್ದರು.

ಟೀಚರ ಹಾಡೂ ಅಷ್ಟೇ ತಡವಾಗಿ ಬರೆದುಕೊಂಡಿತ್ತು. ಅದೇ ಯಂತ್ರ, ಅದೇ ಬೊಗಸೆ. ಆದರೆ ಹಾಡಿನ ದನಿ ಮೆಲ್ಲಗೆ ಏಳುತ್ತದೆ. ತಾಳದ ಹಿಂದೆ ಒಂದು ಕೂದಲು ನಿಂತರೆ ಕಿವಿಗೆ ಹಿತವೇ. ಗೋವಿಂದರಾಜು, "ಏನ್ ಬಾವ ಟೀಚರ್ರೇ!" ಎಂದು ಹೊಗಳಿದ್ದರು. ಒಂದೇ ತಡ — ಟೀಚರ ಪಾಲಿಗೆ ಭಾವವಾಯಿತು, ಪ್ರೆಸ್ ಆಪರೇಟರನ ಪಾಲಿಗೆ ಮುಪ್ಪಾಯಿತು.

ಇಲ್ಲಿಂದ ಮುಂದೆ ನನ್ನ ನೆನಪಿನ ಕತೆ ಹೀಗಿದೆ. ಮುನಿರತ್ನಪ್ಪ ಬಾರಿಸಿದ್ದನ್ನೆಲ್ಲ ಅಳಿಸಿದೆ. ಕಂಪ್ಯೂಟರಿನೊಳಗೇ ಇದ್ದ ಡೋಲಕ್ಕಿನ ಸದ್ದುಗಳನ್ನು ಒಂದೊಂದಾಗಿ ಪೋಣಿಸಿ ಹಾಡುಗಳಿಗೆ ತಾಳ ಕಟ್ಟಿದೆ. ಶಿವರಾತ್ರಿಗೆ ಮೊದಲೇ ಸಿ.ಡಿ. ಹೊರಬಂತು, ಹೊದಿಕೆಯ ಮೇಲೆ 'ತಾಳ: ಕಂಪ್ಯೂಟರ್' ಎಂದು ಅಚ್ಚಾಯಿತು. ಬಹಳ ತಿಂಗಳಾದ ಮೇಲೆ ಕೃಷ್ಣಗಿರಿಯ ಸ್ಟುಡಿಯೋ ಜೋಡಿಸುವಾಗ ಬೊಗಸೆ ಬದಲಿಸಿ ಅಳೆಯುತ್ತ ಕೂತಿದ್ದೆ. ಆಗ ಥಟ್ಟನೆ ಹೊಳೆಯಿತು — ಅಯ್ಯೋ, ಆವತ್ತು ಇದೇ ಆಗಿದ್ದು. ಅಷ್ಟರಲ್ಲಿ ಕಾಲ ಮೀರಿತ್ತು. ಹೇಳಿ ಏನು ಪ್ರಯೋಜನ ಎಂದು ಸುಮ್ಮನಾದೆ.

ಇದು ನಾನು ಹೊಳಪು ಕೊಟ್ಟ ಕತೆ. ಇದರಲ್ಲಿ ನಾನು ಪೆದ್ದ, ಕೊಂಚ ಹೇಡಿ; ಕೆಟ್ಟವನಲ್ಲ.

ಆದರೆ ಅದರೊಳಗೆ ಒಂದು ಮುಳ್ಳು ಇದ್ದೇ ಇತ್ತು. "ಎಲ್ಲಾ ಏಟೂ ಅಂಗೇ ಐತಾ?" ಎಂದು ಅವರು ಕೇಳಿದಾಗ ನಾನು ಪರದೆಯನ್ನು ಸರಿಸುತ್ತ ನೋಡಿದ್ದೆ. ಎಲ್ಲ ಏಟೂ ಹಿಂದಿದ್ದವು, ಮತ್ತು ಎಲ್ಲವೂ ಒಂದೇ ಅಳತೆಯಷ್ಟು ಹಿಂದಿದ್ದವು. ಮುಪ್ಪಿನ ಕೈ ಹಾಗೆ ತಪ್ಪುವುದಿಲ್ಲ. ಕುಡಿದ ಕೈ, ದಣಿದ ಕೈ ಹಾಗೆ ತಪ್ಪುವುದಿಲ್ಲ. ಮನುಷ್ಯನ ತಪ್ಪು ಚೆಲ್ಲಾಪಿಲ್ಲಿ ಬೀಳುತ್ತದೆ. ಯಂತ್ರದ ತಪ್ಪು ಸಾಲಾಗಿ ನಿಲ್ಲುತ್ತದೆ. ಇದು ಪ್ರಯೋಗಶಾಲೆಯಲ್ಲಿ ಮೊದಲ ವರ್ಷವೇ ಕಲಿಸುವ ವಿಷಯ. ನಾನು ಅದನ್ನು ಬೇರೆಯವರಿಗೆ ಕಲಿಸಿದ್ದೆ, ಸಂಬಳ ತೆಗೆದುಕೊಂಡು. ನೋಡಿಯೂ ತಿಳಿಯಲಿಲ್ಲ ಎಂದರೆ — ನನ್ನ ಎದುರಿಗೆ ಇನ್ನೊಬ್ಬ ಈ ಮಾತು ಹೇಳಿದ್ದರೆ ನಾನು ನಂಬುತ್ತಿದ್ದೆನೇ?

ಕೆಲವು ವರ್ಷಗಳ ನಂತರ, ಅವರೆಕಾಯಿಯ ಕಾಲದಲ್ಲಿ, ಕೃಷ್ಣಗಿರಿಯಿಂದ ಬರುತ್ತ ರಾಯಕೋಟೆಯಲ್ಲಿ ಬಸ್ಸು ಬದಲಿಸಲು ಇಳಿದಿದ್ದೆ. "ಎಮ್ಮೆಸ್ಸಿ ಸಾ!" ಎಂದು ಯಾರೋ ಕೂಗಿದರು. ಮುನಿರತ್ನಪ್ಪ. ತಮ್ಮನ ಹೊಲದಿಂದ ಒಂದು ಚೀಲ ಅವರೆಕಾಯಿ ತರುತ್ತಿದ್ದರು. ತಲೆ ನರೆತಿತ್ತು. ನಾನು ಗುರುತು ಸಿಗದವನ ಹಾಗೆ ನಿಂತೆ. ಅವರು ಬಿಡಲಿಲ್ಲ, ಬೆಂಚಿನ ಮೇಲೆ ಪಕ್ಕಕ್ಕೆ ಎಳೆದು ಕೂರಿಸಿಕೊಂಡರು.

ಏನು ಕೇಳಬೇಕೆಂದು ತಿಳಿಯದೆ, ಡೋಲಕ್ ಬಾರಿಸುತ್ತೀರಾ ಎಂದು ಕೇಳಿದೆ. ಕೇಳಬಾರದ ಒಂದೇ ಪ್ರಶ್ನೆ.

"ಬುಟ್ಬುಟ್ಟೆ ಸಾ. ಆವತ್ತೇ ಬುಟ್ಟೆ. ಇನ್ನೂ ಒಸಿ ಅನ್ಮಾನ ಇತ್ತು ಕಣಿ. ಶಿವರಾತ್ರಿ ದಿನ ಟೀಚರಮ್ಮ ಸೀಡಿ ಹಂಚುದ್ರಲ್ಲ, ಅದುನ್ನ ಕೇಳ್ದೆ. ಆ ಕಂಪ್ಯೂಟ್ರು ಡೋಲಕ್ಕು ಏನ್ ಬಾರಿಸ್ತೈತೆ ಸಾ! ಒಂದ್ ಕೂದ್ಲು ಆ ಕಡೀಕಿಲ್ಲ, ಈ ಕಡೀಕಿಲ್ಲ. ನನ್ ವರಸೇನೇ ಕಲಿಸ್ಬುಟ್ಟಿದೀರ ಅದ್ಕೆ, ಅಲ್ವಾ?"

ನಾನು ಹೂಂ ಎಂದೆನೋ, ತಲೆ ಆಡಿಸಿದೆನೋ.

"ಅದೇಯಾ. ನನ್ ವರಸೆ ನನ್ಗಿಂತ ಚೆಂದಾಗಿ ಬಾರ್ಸ್ತು. ಆವಾಗ ಗ್ಯಾನ ಬಂತು, ನನ್ ಕೈ ನಿಜವಾಗ್ಲೂ ಇಂದಕ್ಕೆ ಬಿದ್ದೋಗದೆ ಅಂತ. ಡೋಲಕ್ಕಾದ್ರೆ ತಾಳ ಕೆಡ್ತದೆ; ಪ್ರೆಸ್ಸಾದ್ರೆ ಕೈಯೇ ಓಯ್ತದೆ. ಶಿವರಾತ್ರಿ ಕಳದ್ ಮಾರ್ನೆ ದಿನ್ವೇ ಸೂಪರ್ವೈಸರ್ ತಾವ ಹೋಗಿ ನಾನೇ ಯೋಳ್ದೆ — ಸಾ, ನನ್ ಕೈ ತಡ ಆಯ್ತೈತೆ, ಪ್ರೆಸ್ಸಿಂದ ತೆಗ್ದಾಕಿ ಅಂತ. ಪ್ಯಾಕಿಂಗ್‌ಗೆ ಆಕುದ್ರು. ಡಬ್ಬಕ್ಕೆ ಟೇಪ್ ಅಂಟ್ಸೋದು. ಐಕ್ಳು ನಗ್ತವೆ, ನಗ್ಲಿ."

ಅವರು ಎರಡೂ ಕೈಗಳನ್ನು ನನ್ನ ಮುಖದ ಮುಂದೆ ಹರಡಿದರು.

"ಹತ್ತೂ ಐತೆ ನೋಡಿ ಸಾ. ನಿಮ್ಮಿಂದ. ಮುಕದಾಕ್ಸಿಣ್ಯ ಇಲ್ದಂಗೆ ಇದ್ದಿದ್ನ ಇದ್ದಂಗೆ ಯೋಳಿದ್ರಿ."

ಬಲಗೈಯಲ್ಲಿ ಕಡಗವಿರಲಿಲ್ಲ. ಅದಿದ್ದ ಜಾಗದಲ್ಲಿ ಉಜ್ಜಿ ಉಜ್ಜಿ ಬಿದ್ದ ಹಳೆಯ ಕಲೆ ಮಾತ್ರ ಉಳಿದಿತ್ತು. ನಾನು ನೋಡಿದ್ದನ್ನು ಅವರು ನೋಡಿದರು. "ಬಾರ್ಸ್ದೆ ಇರೋನ್ಗೆ ಯಾಕೆ ಅಂತ ತೆಗ್ದಿಟ್ಟೆ," ಎಂದರು.

ಆಗ ಹೇಳಬಹುದಿತ್ತು. ಆ ಬೆಂಚಿನ ಮೇಲೆ ನಾವಿಬ್ಬರೇ. ಬಸ್ಸು ಬಂದಿರಲಿಲ್ಲ. ಒಂದೇ ವಾಕ್ಯ ಸಾಕಿತ್ತು — ತಪ್ಪು ಯಂತ್ರದ್ದು, ನಿಮ್ಮದಲ್ಲ. ನಾನು ಹೇಳಿದ್ದು, "ಆರೋಗ್ಯ ನೋಡಿಕೊಳ್ಳಿ" ಎಂದು. ಅವರು ಚೀಲ ಬಿಚ್ಚಿ, ಬೇಡ ಬೇಡ ಎಂದರೂ ಕೇಳದೆ, ನನ್ನ ಬ್ಯಾಗಿಗೆ ಎರಡೂ ಕೈಯಲ್ಲಿ ಮೊಗೆಮೊಗೆದು ಅವರೆಕಾಯಿ ತುಂಬಿದರು. ಬಸ್ಸಿನ ಕಿಟಕಿಯ ತನಕ ಬಂದು, "ಸೊಗಡು ಬಲೇ ಸಂದಾಗೈತೆ ಸಾ, ಸಾರ್ ಮಾಡಿಸ್ಕಂಡು ಉಣ್ಣಿ," ಎಂದರು. ಮನೆಗೆ ಬಂದು ನಾನೂ ನನ್ನ ಹೆಂಡತಿಯೂ ಕೂತು ಸುಲಿದೆವು. ಸಾರು ಚೆನ್ನಾಗಿತ್ತು. ಉಂಡೆ. ಬೆರಳಿಗೆ ಹತ್ತಿದ ಸೊಗಡು ಸೋಪು ಹಾಕಿ ತಿಕ್ಕಿದರೂ ಹೋಗಲಿಲ್ಲ. ಹೋಗದು, ಅವರೆಕಾಯಿಯ ಗುಣವೇ ಅದು. ಹೆಂಡತಿ ಯಾರು ಕೊಟ್ಟರು ಎಂದು ಕೇಳಿದಳು. ಪರಿಚಯದವರು ಎಂದೆ.

ಅವರ ಮಾತಿನಲ್ಲಿ ಒಂದು ಸಂಗತಿ ನನ್ನನ್ನು ಬಿಡಲಿಲ್ಲ. 'ನನ್ ವರಸೇನೇ ಕಲಿಸ್ಬುಟ್ಟಿದೀರ.' ನಾನು ಕಂಪ್ಯೂಟರಿ‌ಗೆ ಅವರ ವರಸೆಗಳನ್ನು ಕಲಿಸಿದ ನೆನಪು ನನಗಿಲ್ಲ. ಡೋಲಕ್ಕಿನ ಸದ್ದುಗಳನ್ನು ಒಂದೊಂದಾಗಿ ಪೋಣಿಸುವುದು ಬಹಳ ದಿನ ಹಿಡಿಯುವ ಕೆಲಸ. ಆ ದಿನಗಳು ನನಗೆ ನೆನಪಾಗುವುದಿಲ್ಲ. ನೆನಪಾಗುವುದು ಬೇರೆ — ರೆಕಾರ್ಡಿಂಗಿನ ಮಾರನೆಯ ಬೆಳಿಗ್ಗೆ, ಒಬ್ಬನೇ, ಬಾಗಿಲು ಹಾಕಿಕೊಂಡು, ಮೌಸಿನಿಂದ ಏನನ್ನೋ ಹಿಡಿದು ಎಡಕ್ಕೆ ಎಳೆದದ್ದು. ಒಂದೇ ಸಲ. ಅವರ ಏಟುಗಳ ಎಲ್ಲ ಗುಡ್ಡಗಳೂ ಒಟ್ಟಿಗೆ ಸರಿದು, ಟಿಕ್‌ಗಳ ಕೆಳಗೆ ಸರಿಯಾಗಿ ಕೂತದ್ದು. ಇದು ನಡೆದದ್ದೋ, ತಪ್ಪಿತಸ್ಥನ ಮನಸ್ಸು ಆಮೇಲೆ ಹೆಣೆದದ್ದೋ? ಬಹಳ ವರ್ಷ ಇದನ್ನು ಹೆಣೆದದ್ದು ಎಂದು ತಳ್ಳಿಹಾಕಿದೆ. ಪಶ್ಚಾತ್ತಾಪ ಸುಳ್ಳು ನೆನಪುಗಳನ್ನು ಹುಟ್ಟಿಸುತ್ತದೆ ಎಂದು ಓದಿದ್ದೆನಲ್ಲ. ಓದಿದ್ದು ಎಷ್ಟು ಕೆಲಸಕ್ಕೆ ಬರುತ್ತದೆ ನೋಡಿ.

ಪರೀಕ್ಷಿಸುವ ದಾರಿ ಒಂದು ಮೊದಲಿನಿಂದಲೂ ಇತ್ತು: ಆ ಸಿ.ಡಿ.ಯನ್ನು ಕೇಳುವುದು. ನನ್ನ ಪ್ರತಿಯನ್ನು ಯಾವಾಗಲೋ ಕಳೆದಿದ್ದೆ. ಕಳೆದೆನೆಂದು ಹೇಳುವುದು ಸುಲಭ; ಒಮ್ಮೆಯೂ ಕೇಳದೆ ಎಸೆದೆ. ಗೋವಿಂದರಾಜು ತೀರಿಕೊಂಡರು, ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಕಳೆದ ವಾರ ಮತ್ತಿಗಿರಿಗೆ ಹೋಗಿ ಶಾರದಾ ಟೀಚರನ್ನು ಕೇಳಿದೆ. ಅವರಿಗೆ ವಯಸ್ಸಾಗಿದೆ, ದನಿ ಹೋಗಿದೆ. ಸಿ.ಡಿ. ಇತ್ತು, ದೇವರ ಮನೆಯಲ್ಲಿ.

"ಈಗಲೂ ಸೋಮವಾರ ಹಾಕ್ಕೊಂಡು ಕೇಳ್ತೀನಿ," ಎಂದರು. "ನನ್ನ ದನಿಗಿಂತ ನಿಮ್ಮ ಕಂಪ್ಯೂಟರ್ ಡೋಲಕ್ಕೇ ಚೆನ್ನಾಗಿದೆ ನೋಡಿ. ಪಾಪ, ಮುನಿರತ್ನಪ್ಪ. ಅವರ ಕೈ ಹಾಗಾಗಬಾರದಿತ್ತು."

ಮುನಿರತ್ನಪ್ಪ ಮತ್ತಿಗಿರಿಯಲ್ಲೇ, ಟೀಚರ ಮನೆಯ ಹಿಂದಿನ ಬೀದಿಯಲ್ಲೇ ಇದ್ದಾರೆ. ಆ ದಿನ ಅಲ್ಲಿಗೆ ಹೋಗಲಿಲ್ಲ. ಹೋಗುವವನಿದ್ದೇನೆ. ಬಾಯಲ್ಲಿ ಹೇಳಲು ಹೊರಟರೆ ನಾನು ಮತ್ತೆ ಹೊಳಪು ಕೊಡುತ್ತೇನೆಂದು ಗೊತ್ತು; ಅದಕ್ಕೇ ಇದನ್ನು ಬರೆದಿದ್ದೇನೆ, ಅವರ ಎದುರು ಕೂತು ಹೀಗೆಯೇ ಓದಲು. ಪ್ರೆಸ್ಸನ್ನು ಹಿಂದಿರುಗಿಸಲಾರೆ, ಅವರ ನಿವೃತ್ತಿಯಾಗಿದೆ. ಬಾರಿಸದೆ ಕಳೆದ ಶಿವರಾತ್ರಿಗಳನ್ನು ಹಿಂದಿರುಗಿಸಲಾರೆ. ನನಗೆ ಕೊಟ್ಟ ಕೃತಜ್ಞತೆಯನ್ನು ಮಾತ್ರ ಹಿಂದಿರುಗಿಸಬಲ್ಲೆ, ಅದು ನನ್ನದಲ್ಲ. ಅವರು ಬಾಗಿಲು ಹಾಕಿದರೆ ಹಾಕಲಿ.

ಸಿ.ಡಿ.ಯನ್ನು ಮನೆಗೆ ತಂದು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಮೊದಲ ಹಾಡು, ಎರಡನೆಯ ಹಾಡು — ಡೋಲಕ್ ಯಾರದೆಂದು ಆಣೆ ಇಟ್ಟು ಹೇಳಲಾರೆ. ಮೂರನೆಯ ಹಾಡಿನ ಎರಡನೆಯ ನುಡಿಯಲ್ಲಿ, ಬಟ್ಟೆ ಜಾರಿದ ಜಾಗದಿಂದ ಹಾಡು ಮುಗಿಯುವವರೆಗೂ, ಡೋಲಕ್ಕಿನ ಒಂದೊಂದು ಬಲಗೈ ಏಟಿನ ಜೊತೆಗೂ ತಾಮ್ರದ ಕಡಗ ಕಬ್ಬಿಣದ ಬಳೆಗೆ ತಾಗುವ ಸದ್ದು ಕೇಳುತ್ತದೆ. ಒಂದೂ ತಾಳದ ಹಿಂದಿಲ್ಲ.